ರಾಕ್ಷಸನ ಮೂಗು ಒತ್ತುವವರಿಲ್ಲ

ನನ್ನ ಹೆಸರು ನಿಮಗೆ ಗೊತ್ತಿರಲಿಕ್ಕಿಲ್ಲ. ಆದರೆ ನಾನು ಬಿಡಿಸಿದ ಮುರುಗನ್ ನಿಮ್ಮ ದೊಡ್ಡಪ್ಪನ ಅಂಗಡಿಯಲ್ಲೋ, ಹಲ್ಲಿನ ಡಾಕ್ಟರ ಕೋಣೆಯಲ್ಲೋ ಒಂದಲ್ಲ ಒಂದು ವರ್ಷ ನೇತಾಡಿಯೇ ಇರುತ್ತಾನೆ. ಮೂವತ್ತನಾಲ್ಕು ವರ್ಷ ಕೋವಿಲ್‌ಪಟ್ಟಿಯಲ್ಲಿ ಕೂತು ಕ್ಯಾಲೆಂಡರಿಗೆ ದೇವರನ್ನು ಬಿಡಿಸಿದವನು ನಾನು. ಮುರುಗನ್, ಲಕ್ಷ್ಮಿ, ಪಿಳ್ಳೆಯಾರ್ ಅನ್ನುವ ಗಣಪತಿ, ಹಾಲು ಕುಡಿಯುವ ಕೃಷ್ಣ, ಬೆಣ್ಣೆ ತಿನ್ನುವ ಕೃಷ್ಣ, ಏನೂ ತಿನ್ನದೆ ಸುಮ್ಮನೆ ಕೂತ ಕೃಷ್ಣ. ಚಿತ್ರದ ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಹೆಸರಿರುತ್ತಿತ್ತು: ಅಕ್ಕಿ ಗಿರಣಿಯದು, ಪಾತ್ರೆ ಅಂಗಡಿಯದು, ಒಂದು ಸಲ ಹೆರಿಗೆ ಆಸ್ಪತ್ರೆಯದು. ಸೊರಿಮುತ್ತು ಅಂತ ನನ್ನ ಹೆಸರು ಮಾತ್ರ ಎಲ್ಲೂ ಇರುತ್ತಿರಲಿಲ್ಲ. ದೇವರ ಪಾದದ ಹತ್ತಿರ ಸಾಸಿವೆ ಕಾಳಿನಷ್ಟು ಚಿಕ್ಕದಾಗಿ ಬರೆದಿಟ್ಟರೂ ಅಚ್ಚಿನ ಮನೆಯವರು ಕೊಳೆ ಅಂದುಕೊಂಡು ಅಳಿಸಿಬಿಡುತ್ತಿದ್ದರು.

ಈ ವಿಷಯ ಎತ್ತಿದರೆ ನನಗೆ ಪಿತ್ತ ನೆತ್ತಿಗೇರುತ್ತದೆ. "ಕೋಪ ನಿಮ್ಮ ಮೂಗಿನ ತುದೀಲೇ ಕೂತಿರುತ್ತೆ, ಸೀನಿದ್ರೆ ಸಾಕು ಆಚೆ ಬರುತ್ತೆ" ಅನ್ನುತ್ತಾಳೆ ನನ್ನ ಹೆಂಡತಿ ಗೋಮತಿ. ಅನ್ನಲಿ. ಅವಳ ಹೆಸರನ್ನು ಯಾರೂ ಕೊಳೆ ಅಂತ ಒರೆಸಿಲ್ಲ.

ಅಂಥ ನನ್ನ ಮನೆಗೆ ಒಂದು ದಿನ ಮದುರೈಯಿಂದ ಕಯಲ್ವಿಳಿ ಅನ್ನುವ ಹುಡುಗಿ ಬಂದಳು. ಮಕ್ಕಳ ಪುಸ್ತಕ ಮಾಡುವವಳು. ಕೈಯಲ್ಲಿ ಬಣ್ಣ ಹಾಕುವವರು ಇನ್ನೂ ಯಾರಾದರೂ ಉಳಿದಿದ್ದಾರಾ ಎಂದು ಊರೆಲ್ಲ ವಿಚಾರಿಸಿಕೊಂಡು ಬಂದಿದ್ದಳು.

"ಅಣ್ಣಾಚಿ, ಒಂದು ಪುಸ್ತಕ ಆಗ್ಬೇಕು. ರಾಕ್ಷಸರದ್ದು. ಮೂರು ನಾಲ್ಕು ವರ್ಷದ ಮಕ್ಕಳಿಗೆ."

"ಹೆದರ್ಕೊಂಡು ಚಡ್ಡೀಲೇ ಮಾಡ್ಕೊಂಬಿಟ್ರೆ ಯಾರಮ್ಮ ತೊಳೆಯೋರು?"

"ಹೆದರಬಾರ್ದು, ನಗಬೇಕು! ಇದು ಸುಮ್ನೆ ನೋಡೋ ಪುಸ್ತಕ ಅಲ್ಲ. ಮಕ್ಕಳು ರಾಕ್ಷಸನ ಮೂಗು ಒತ್ತಬೇಕು, ನಾಲಿಗೆ ಹಿಡಿದು ಎಳೀಬೇಕು, ಹೊಕ್ಕುಳಿಗೆ ಕಚಗುಳಿ ಇಡಬೇಕು. ಪ್ರತಿ ಪುಟದಲ್ಲೂ ಏನಾದ್ರೂ ಕಿತಾಪತಿ ಇರಬೇಕು." ಆಮೇಲೆ ಇದೇನು ದೊಡ್ಡ ವಿಷಯವೇ ಅಲ್ಲ ಅನ್ನುವ ಹಾಗೆ ಹೇಳಿದಳು, "ಮುಖಪುಟದ ಮೇಲೆ ನಿಮ್ಮ ಹೆಸರು ದೊಡ್ಡದಾಗಿ ಹಾಕ್ತೀನಿ."

ನಾನು ಏನೂ ಆಗಿಲ್ಲದವನಂತೆ ವೀಳ್ಯದೆಲೆ ಒರೆಸುತ್ತ ಕೂತೆ. ಒರೆಸಿದ ಎಲೆಯನ್ನೇ ನಾಲ್ಕು ಸಲ ಒರೆಸಿದೆ ಅಂತ ಗೋಮತಿ ಆಮೇಲೆ ಬೀದಿಗೆಲ್ಲ ಹೇಳಿಕೊಂಡು ಬಂದಳು.

"ಆದ್ರೆ ಒಂದು ಮಾತು" ಎಂದಳು ಕಯಲ್ವಿಳಿ. "ಬರೋ ವಾರ ಬಿಟ್ಟು ಆಚೆ ಶುಕ್ರವಾರ ಒಂದು ಮಾದರಿ ಮಾಡಿಡಿ. ನಿಮ್ಮ ಬೀದಿಯ ಅಂಗನವಾಡಿ ಮಕ್ಕಳಿಗೇ ತೋರಿಸೋಣ. ಅವರು ನಕ್ರೆ ಅಚ್ಚಿಗೆ ಹೋಗುತ್ತೆ. ನಗಲಿಲ್ಲಾಂದ್ರೆ ಬೇಜಾರು ಮಾಡ್ಕೋಬೇಡಿ. ಚೆನ್ನೈಯಲ್ಲಿ ಒಬ್ಬ ಹುಡುಗ ಇದಾನೆ, ಕಂಪ್ಯೂಟರಲ್ಲೇ ಮಾಡ್ಕೊಡ್ತಾನೆ."

ಆ ಚೆನ್ನೈ ಹುಡುಗನ ಮುಖ ನಾನು ಈವರೆಗೂ ನೋಡಿಲ್ಲ. ಆದರೆ ಅವನಷ್ಟು ಕೆಟ್ಟವನು ಪ್ರಪಂಚದಲ್ಲಿ ಇನ್ನೊಬ್ಬನಿಲ್ಲ ಎಂದು ಆ ಕ್ಷಣವೇ ತೀರ್ಮಾನ ಮಾಡಿದೆ.

ಮಾರನೇ ದಿನ ಸ್ನಾನ ಮಾಡಿ, ಕುಂಚವನ್ನು ಕಣ್ಣಿಗೊತ್ತಿಕೊಂಡು ಕೂತೆ. ನಮ್ಮ ಕಸುಬಿನಲ್ಲಿ ಕಣ್ಣು ಕೊನೆಗೆ. ಮೊದಲು ಮೈ, ಆಮೇಲೆ ಬಟ್ಟೆ ಒಡವೆ, ಎಲ್ಲ ಮುಗಿದ ಮೇಲೆ ಕಣ್ಣು ತೆರೆಸುವುದು. ಮಧ್ಯಾಹ್ನದ ಹೊತ್ತಿಗೆ ಮೈ ಮುಗಿಯಿತು. ಡೊಳ್ಳು ಹೊಟ್ಟೆ, ಗಿಡ್ಡ ಕಾಲು, ತಲೆಯ ಮೇಲೆ ಎರಡು ಕೋಡು, ಬಾಯಿಂದ ಆಚೆ ಬಂದ ಕೋರೆಹಲ್ಲು. ಭಲೇ ಸೊರಿಮುತ್ತು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡು ಕಣ್ಣು ತೆರೆಸಿದೆ. ಊಟಕ್ಕೆ ಕರೆಯಲು ಬಂದ ಗೋಮತಿ ಬಾಗಿಲಲ್ಲೇ ನಿಂತು ಕೈ ಮುಗಿದಳು.

"ಯಾಕೆ ಕೈ ಮುಗೀತೀಯ?"

"ಸಾಮಿ ಅಲ್ವಾ?"

"ರಾಕ್ಷಸ ಕಣೇ ಅದು!"

ಅವಳು ಹತ್ತಿರ ಬಂದು, ಕನ್ನಡಕ ಏರಿಸಿ ನೋಡಿದಳು. "ರಾಕ್ಷಸ ಆದ್ರೆ, ನನ್ನ ಕಷ್ಟ ಎಲ್ಲಾ ಗೊತ್ತು ಅನ್ನೋ ಥರ ಯಾಕ್ರೀ ನೋಡ್ತಿದಾನೆ?"

"ಬಲಗೈ ನೋಡು. ಹೊಡೆಯೋಕೆ ಎತ್ತಿದಾನೆ."

"ಹೊಡೆಯೋನು ಯಾವನಾದ್ರೂ ಹಿಂಗೆ ಅಂಗೈ ತೋರಿಸ್ತಾನಾ? ಭಯಪಡಬೇಡ ಮಗಳೇ, ನಾನಿದೀನಿ ಅಂತಿದಾನೆ ಪಾಪ."

ನೋಡಿದೆ. ನಿಜವೇ. ಕೈ ತನ್ನಷ್ಟಕ್ಕೆ ತಾನು ಅಭಯ ಕೊಟ್ಟುಬಿಟ್ಟಿತ್ತು. ಕಣ್ಣು ತಾವರೆ ಎಸಳು. ತುಟಿಯ ಮೇಲೆ ಆ ಮಂದಹಾಸ. ಕೋಡು ದೂರದಿಂದ ಕಿರೀಟದಂತೆ ಕಾಣುತ್ತಿತ್ತು. ತಲೆಯ ಹಿಂದೆ ನಾನು ಯಾವಾಗ ಪ್ರಭಾವಳಿ ಹಾಕಿದೆನೋ ದೇವರಾಣೆ ನನಗೆ ನೆನಪಿಲ್ಲ.

"ಲೋಕದಲ್ಲಿ ಎಲ್ರೂ ಗಣಪತಿ ಮಾಡಕ್ಕೆ ಹೋಗಿ ಅವರಪ್ಪನ್ನ ಮಾಡ್ತಾರೆ" ಎಂದಳು ಗೋಮತಿ. "ನೀವು ರಾಕ್ಷಸನ್ನ ಮಾಡಕ್ಕೆ ಹೋಗಿ ಗಣಪತಿನೇ ಮಾಡಿಟ್ಟಿದೀರಿ. ಊಟಕ್ಕೆ ಬನ್ನಿ, ಸಾರು ಆರುತ್ತೆ."

ಹಾಳೆ ಹರಿದು ಇನ್ನೊಂದು ತೆಗೆದುಕೊಂಡೆ. ಹಸಿರು ಮುಖ ಹಾಕಿದೆ, ಮೀನಾಕ್ಷಿ ಬಂದಳು. ನೀಲಿ ಹಾಕಿದೆ, ಕೃಷ್ಣ. ಕಪ್ಪು ಹಾಕಿದೆ, ಊರು ಕಾಯುವ ಕರುಪ್ಪಸಾಮಿ ಕತ್ತಿ ಹಿಡಿದು ಕೂತ. ಹೋಗಲಿ ತಲೆ ಜಾಸ್ತಿ ಮಾಡೋಣವೆಂದರೆ ಆರು ತಲೆ ಮುರುಗನ ಸೊತ್ತು. ಮೂರನೇ ಕಣ್ಣು ಶಿವನದು. ಸಿಂಹದ ಮುಖ, ಹಂದಿಯ ಮುಖ, ಕುದುರೆಯ ಮುಖ, ಎಲ್ಲವನ್ನೂ ವಿಷ್ಣು ಮೊದಲೇ ಬಳಸಿ ಮುಗಿಸಿದ್ದಾನೆ. ರಾಕ್ಷಸನಿಗೆ ಅಂತ ಈ ದೇವರುಗಳು ಏನನ್ನೂ ಉಳಿಸಿಲ್ಲ ನೋಡಿ! ಕೊನೆಗೆ ಯಾವ ದೇವರಿಗೂ ಬೇಡವಾದ ನೇರಳೆ ಬಣ್ಣ ಹಚ್ಚಿದೆ. ಡಜನ್ ನೇರಳೆ ಹಣ್ಣು ತಿಂದು ಬಾಯಿ ಒರೆಸಿಕೊಳ್ಳದ ಪಿಳ್ಳೆಯಾರ್ ಥರ ಆಯಿತು. ಇದ್ದುದರಲ್ಲಿ ಅದೇ ವಾಸಿ ಅಂತ ಇಟ್ಟುಕೊಂಡೆ.

"ಒಂದು ಕೆಲಸ ಮಾಡಿ, ನಮ್ಮತ್ತೇನ ನೆನೆಸ್ಕೊಂಡು ಬರೀರಿ" ಎಂದು ಗೋಮತಿ ಉಪಾಯ ಹೇಳಿದಳು. ಅವಳ ಅತ್ತೆ ಅಂದರೆ ನನ್ನ ಹೆತ್ತ ತಾಯಿ! ಸಿಟ್ಟು ಬಂತು. ಆದರೂ ಗತಿಗೆಟ್ಟವನಿಗೆ ಏನು, ನೆನೆಸಿಕೊಂಡು ಬರೆದೆ. ಸಾಕ್ಷಾತ್ ಲಕ್ಷ್ಮಿ ಬಂದಳು, ಎರಡೂ ಕೈಯಲ್ಲಿ ತಾವರೆ. ಗೋಮತಿ ಅದನ್ನು ನೋಡಿ ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟಳು.

ಮಾತು ಬಿಟ್ಟರೂ ಕೆಲಸ ಬಿಡಲಿಲ್ಲ, ಅದನ್ನು ಹೇಳಲೇಬೇಕು. ಮದುವೆಗೆ ಮೊದಲು ಅವಳು ಬೆಂಕಿಪೆಟ್ಟಿಗೆ ಮಡಿಸುತ್ತಿದ್ದವಳು. ರಾಕ್ಷಸನ ಮುಖದ ಹಿಂದೆ ಬೆಂಕಿಪೆಟ್ಟಿಗೆಯ ಒಳಗೂಡಿನ ಹಾಗೆ ಒಂದು ಪಟ್ಟಿ ಕೂರಿಸಿದಳು. ಪಟ್ಟಿ ಎಳೆದರೆ ಕಣ್ಣುಗುಡ್ಡೆ ಎಡಕ್ಕೆ, ತಳ್ಳಿದರೆ ಬಲಕ್ಕೆ. ಬಾಯಿಗೆ ಮೇಲಕ್ಕೆತ್ತುವ ಮುಚ್ಚಳ ಮಾಡಿ, ಅದರ ಹಿಂದೆ ಚೀಲ ಹೊಲಿದು, ಕೆಂಪು ರಿಬ್ಬನ್ನಿನ ನಾಲಿಗೆ ಇಟ್ಟಳು. ಮೂಗಿನ ಹಿಂದೆ ಹತ್ತಿ ತುಂಬಿದಳು, ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತಿತ್ತು. ಹೀಗೆ ಆರು ಪುಟ, ಆರು ರಾಕ್ಷಸರು, ಆರೂ ಜನ ಶಾಂತಮೂರ್ತಿಗಳು.

ಶುಕ್ರವಾರ ಬಂದೇಬಿಟ್ಟಿತು. ಅಂಗನವಾಡಿಯಲ್ಲಿ ಹದಿನೆಂಟು ಮಕ್ಕಳು ಚಾಪೆಯ ಮೇಲೆ ಕೂತಿದ್ದವು. ಟೀಚರ್ ರಾಜಕನಿ ಕೈಯಲ್ಲಿ ಅಡಿಕೋಲು ಹಿಡಿದು ನಿಂತಿದ್ದರು. ಅದನ್ನು ಯಾರಿಗೂ ಹೊಡೆಯಲು ಬಳಸಿದವರಲ್ಲ, ಬೆನ್ನು ಕೆರೆದುಕೊಳ್ಳುವುದಕ್ಕೆ. ಮಕ್ಕಳನ್ನು ಬಿಡಲು ಬಂದ ಅಜ್ಜಿಯರು ಇವತ್ತೇನೋ ವಿಶೇಷ ಎಂದು ಕಿಟಕಿಯಲ್ಲಿ ಜಮಾಯಿಸಿದ್ದರು. ಅವರಲ್ಲಿ ಮುಂದೆ ನಿಂತವಳು ಉಲಗಮ್ಮಾಳ್. ಅವಳ ಆಡು ಬುಧವಾರದಿಂದ ಕಾಣೆಯಾಗಿತ್ತು. ಆ ದುಃಖವನ್ನು ಹೇಳಿಕೊಳ್ಳಲು ಅವಳಿಗೂ ನಾಲ್ಕು ಜನ ಬೇಕಿದ್ದರು.

ಕಯಲ್ವಿಳಿ ಪುಸ್ತಕ ಎತ್ತಿ ಹಿಡಿದು ಮೊದಲ ಪುಟ ತೆರೆದಳು. ನಾನು ಮೂಲೆಯಲ್ಲಿ ನಿಂತಿದ್ದೆ.

"ಇವನು ಡೊಳ್ಳುಹೊಟ್ಟೆ ರಾಕ್ಷಸ! ಮಹಾ ತುಂಟ! ಇವನ ಮೂಗು ಒತ್ತುವ ಧೈರ್ಯ ಯಾರಿಗಿದೆ?"

ಒಂದು ಮಗುವೂ ಏಳಲಿಲ್ಲ. ಮುಂದೆ ಕೂತ ದಪ್ಪ ಹುಡುಗನೊಬ್ಬ ಮೆಲ್ಲಗೆ ಕೈ ಜೋಡಿಸಿ ಕಣ್ಣು ಮುಚ್ಚಿದ. ಅವನನ್ನು ನೋಡಿ ಪಕ್ಕದವಳು ಮುಚ್ಚಿದಳು. ನೋಡನೋಡುತ್ತಿದ್ದಂತೆ ಹದಿನೆಂಟೂ ಮಕ್ಕಳು ಕೈ ಮುಗಿದು, ಕಣ್ಣು ಮುಚ್ಚಿ, ತುಟಿ ಪಿಟಿಪಿಟಿ ಅನ್ನಿಸುತ್ತ ಕೂತುಬಿಟ್ಟವು. ಕಿಟಕಿಯಲ್ಲಿ ಅಜ್ಜಿಯರು ಪಟಪಟ ಗಲ್ಲ ಬಡಿದುಕೊಂಡರು.

"ಕಣ್ಣು ಬಿಡಿ ಕಂದ, ಮೂಗು ಒತ್ತಿ!" ಎಂದಳು ಕಯಲ್ವಿಳಿ.

"ಸಾಮಿ ಮೂಗು ಒತ್ತಿದ್ರೆ ಕೈ ಬಿದ್ದೋಗುತ್ತೆ" ಎಂದ ದಪ್ಪ ಹುಡುಗ.

"ಇದು ಸಾಮಿ ಅಲ್ಲಪ್ಪ, ರಾಕ್ಷಸ."

"ಹಂಗನ್ನಬೇಡ ಅಕ್ಕ. ಕೇಳಿಸ್ಕೊಂಡ್ರೆ ಪಾಪ ಬೇಜಾರ್ ಮಾಡ್ಕೋತಾರೆ."

ಎರಡನೇ ಪುಟದಲ್ಲಿ ನಾಲಿಗೆ ಎಳೆಯಬೇಕಿತ್ತು. ಯಾರೂ ಎಳೆಯಲಿಲ್ಲ. ಮೂರನೇ ಪುಟದ ಹೊಕ್ಕುಳಿಗೆ ಒಬ್ಬಳು ಬಂದು ಕಚಗುಳಿ ಇಡುವ ಬದಲು ಹಣೆ ಮುಟ್ಟಿಸಿ ಹೋದಳು. ಅಷ್ಟರಲ್ಲಿ ಅಜ್ಜಿಯರು ಒಳಗೇ ನುಗ್ಗಿದ್ದರು, ಚಪ್ಪಲಿ ಆಚೆ ಬಿಟ್ಟು.

"ಯಾವ ಊರಿನ ಸಾಮಿನಪ್ಪ ಇದು?" ಎಂದು ನನ್ನ ಕೇಳಿದಳು ಒಬ್ಬಳು. "ಕಳೆ ನೋಡು, ಕಳೆ!"

"ಸಾಮಿ ಅಲ್ಲ ಅಜ್ಜಿ! ರಾಕ್ಷಸ, ರಾಕ್ಷಸ!"

"ಕೆಲವು ಸಾಮಿಗಳು ಹಂಗೇ, ಮೊದ್ಲು ರಾಕ್ಷಸರಾಗಿದ್ದು ಆಮೇಲೆ ತಿದ್ಕೊಂಡೋರು" ಎಂದು ಅವಳು ನನಗೇ ಬುದ್ಧಿ ಹೇಳಿ, ಸೊಂಟದ ಚೀಲದಿಂದ ಕುಂಕುಮ ತೆಗೆದು ಡೊಳ್ಳುಹೊಟ್ಟೆಯವನ ಹಣೆಗೆ ಇಟ್ಟೇಬಿಟ್ಟಳು. "ಟೀಚರ್, ನೀವಾದ್ರೂ ಹೇಳಿ" ಎಂದು ಕಯಲ್ವಿಳಿ ಬೇಡಿಕೊಂಡಳು. "ನಾನು ಚರ್ಚಿಗೆ ಹೋಗೋಳಮ್ಮ, ನನ್ನ ಕೇಳ್ಬೇಡ" ಎಂದರು ರಾಜಕನಿ. ಆದರೆ ಅವರ ಚಪ್ಪಲಿಯೂ ಆಗಲೇ ಬಾಗಿಲಾಚೆ ಇತ್ತು.

ಇಷ್ಟಕ್ಕೇ ನಿಂತಿದ್ದರೆ ಹೇಗೋ ಸಂಭಾಳಿಸಬಹುದಿತ್ತು. ಉಲಗಮ್ಮಾಳ್ ಪುಸ್ತಕದ ಮುಂದೆ ನಿಂತು, ಸೆರಗು ಒಡ್ಡಿ, "ಅಪ್ಪಾ ನೇರಳೆ ಸಾಮಿ, ನನ್ನ ಆಡು ಮನೆಗೆ ಬಂದ್ರೆ ನಿನಗೆ ಪೊಂಗಲ್ ಇಡ್ತೀನಿ" ಎಂದು ಹರಕೆ ಹೊತ್ತಳು. ಅವಳ ಬಾಯಿಂದ ಮಾತು ಮುಗಿದಿರಲಿಲ್ಲ, ಬಾಗಿಲಲ್ಲಿ ಮ್ಯಾ ಅಂತ ಕೇಳಿಸಿತು, ಅವಳದೇ ಆಡು. ಅಂಗನವಾಡಿಯ ಬಾಳೆಹಣ್ಣಿನ ಸಿಪ್ಪೆಗೆ ಆ ಬೀದಿಯ ಆಡುಗಳೆಲ್ಲ ದಿನಾ ಬರುತ್ತವೆ, ಅದು ಎಲ್ಲರಿಗೂ ಗೊತ್ತು. ಆದರೆ ಆ ಹೊತ್ತಿನಲ್ಲಿ ಅದನ್ನು ಯಾರು ಕೇಳುತ್ತಾರೆ? ಅಜ್ಜಿಯರೆಲ್ಲ ನಾಲಿಗೆ ಹೊರಳಿಸಿ ಲುಲುಲುಲು ಎಂದು ಕೂಗಿ ಮಾಡು ಹಾರಿಸಿದರು. ಆಡು ಬೆದರಿ ಟೀಚರ ಕುರ್ಚಿ ಹತ್ತಿತು.

ಕಯಲ್ವಿಳಿ ಪುಸ್ತಕ ಮುಚ್ಚಿ ಚಾಪೆಯ ಮೇಲಿಟ್ಟಳು. ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು, "ಅಣ್ಣಾಚಿ, ನಿಮ್ಮ ಕೈ ಚಿನ್ನದಂಥ ಕೈ. ಆದ್ರೆ ಒಂದು ಮಗುವೂ ನಗಲಿಲ್ಲವಲ್ಲ. ಏನು ಮಾಡ್ಲಿ ಹೇಳಿ."

ಅಷ್ಟು ಜನ ನನ್ನ ಚಿತ್ರಕ್ಕೆ ಕೈ ಮುಗಿಯುತ್ತಿದ್ದರು, ನನಗೋ ಎಲ್ಲಾದರೂ ಹೋಗಿ ಅತ್ತುಬಿಡೋಣ ಅನ್ನಿಸುತ್ತಿತ್ತು. ಮುಖಪುಟವೂ ಹೋಯಿತು, ಹೆಸರೂ ಹೋಯಿತು. ಇನ್ನು ಆ ಚೆನ್ನೈಯವನು ಎರಡು ಗುಂಡಿ ಒತ್ತಿ ರಾಕ್ಷಸನನ್ನು ಮಾಡುತ್ತಾನೆ, ಮಕ್ಕಳು ಬಿದ್ದು ಬಿದ್ದು ನಗುತ್ತವೆ.

ಅಷ್ಟರಲ್ಲಿ ಊಟದ ಹೊತ್ತಾಯಿತು. ರಾಜಕನಿ ಆಡನ್ನು ಇಳಿಸಿ, ಅಜ್ಜಿಯರನ್ನು ಗೋಡೆಯ ಪಕ್ಕ ಕೂರಿಸಿ, ಮಕ್ಕಳಿಗೆ ಅನ್ನ ಸಾಂಬಾರು, ಒಂದೊಂದು ಬೇಯಿಸಿದ ಮೊಟ್ಟೆ ಬಡಿಸಿದರು. ಕಯಲ್ವಿಳಿ ಬಸ್ಸಿನ ಹೊತ್ತು ನೋಡಿಕೊಂಡು ಚೀಲ ಕಟ್ಟುತ್ತಿದ್ದಳು.

ಉಲಗಮ್ಮಾಳ್ ಮೊಮ್ಮಗಳು ಮುತ್ತುಪೇಚಿಗೆ ನಾಲ್ಕು ವರ್ಷ. ಅವಳಿಗೆ ಮೊಟ್ಟೆ ಕಂಡರೆ ಆಗದು. ದಿನವೂ ಅದನ್ನು ಎಲ್ಲಾದರೂ ಸಾಗಹಾಕುವುದೇ ಅವಳ ಕೆಲಸ. ಆವತ್ತು ತಟ್ಟೆ ಹಿಡಿದು ಆಚೀಚೆ ನೋಡಿದಳು. ಪುಸ್ತಕ ಕಾಣಿಸಿತು. ನೆಟ್ಟಗೆ ಹೋಗಿ, ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಮೊದಲ ಪುಟ ತೆರೆದು, ಡೊಳ್ಳುಹೊಟ್ಟೆಯವನ ಬಾಯಿಯ ಮುಚ್ಚಳ ಎತ್ತಿ ಮೊಟ್ಟೆಯನ್ನು ಒಳಗೆ ತುರುಕಿದಳು.

"ಅಯ್ಯಯ್ಯೋ, ಸಾಮಿ ಬಾಯಿಗೆ ಮೊಟ್ಟೆ!" ಎಂದು ಕುಂಕುಮದ ಅಜ್ಜಿ ಎದೆ ಬಡಿದುಕೊಂಡಳು.

"ಕರುಪ್ಪನಿಗೆ ಇಡೀ ಕೋಳಿನೇ ಕೊಡ್ತೀವಿ. ಮೊಟ್ಟೆ ಯಾವ ಲೆಕ್ಕ? ತಿನ್ಲಿ ಬಿಡು" ಎಂದಳು ಉಲಗಮ್ಮಾಳ್.

ಆದರೆ ಮೊಟ್ಟೆ ಚೀಲದಲ್ಲಿ ಹಿಡಿಸಲಿಲ್ಲ. ಅರ್ಧ ಒಳಗೆ ಹೋಗಿ ಮತ್ತೆ ಆಚೆ ಬಂತು. ಪೇಚಿಗೆ ರೇಗಿತು.

"ಆ ಅನ್ನು. ಆ ಅನ್ನು ಅಂದೆ! ಬಾಯಿ ಮುಚ್ಕೊಂಡ್ರೆ ಹೆಂಗೆ ತಿನ್ನಿಸೋದು? ಒಂದೇ ಒಂದು ತುತ್ತು. ಇದು ಕಾಗೆಗೆ, ಇದು ಗುಬ್ಬಿಗೆ, ಇದು ನಿಂಗೆ. ಉಗೀತೀಯ? ಉಗೀತೀಯ ಮತ್ತೆ? ಬೆಳಗ್ಗಿಂದ ನನ್ನ ಪ್ರಾಣ ತಿಂತಿದೀಯ! ಪಕ್ಕದ ಮನೆ ಮಗು ನೋಡು, ಎಷ್ಟು ಚೆನ್ನಾಗಿ ತಿನ್ನುತ್ತೆ."

ಅವಳ ತಾಯಿಯ ಗಂಟಲು, ಅವಳ ತಾಯಿಯ ಕೈ ತಿರುವು, ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ. ಪಕ್ಕದಲ್ಲಿ ಕೂತ ಮಕ್ಕಳು ತುತ್ತು ನಿಲ್ಲಿಸಿ ತಿರುಗಿದವು. ಡೊಳ್ಳುಹೊಟ್ಟೆಯವನು ಅದೇ ಮಂದಹಾಸದಲ್ಲಿ, ಭಯಪಡಬೇಡ ಮಗಳೇ ಅಂತ ಕೈಯೆತ್ತಿ ಕೂತಿದ್ದ. ಪೇಚಿ ಬೆರಳೆತ್ತಿ ಕೊನೆಯ ಅಸ್ತ್ರ ಬಿಟ್ಟಳು.

"ತಿನ್ನಲ್ವಾ? ಸರಿ. ಪೂಚಾಂಡಿ ಬರ್ತಾನೆ. ಚೀಲದಲ್ಲಿ ಹಾಕ್ಕೊಂಡು ಹೋಗ್ತಾನೆ. ನಾನು ಬಿಡಿಸ್ಕೊಳಲ್ಲ."

ಪೂಚಾಂಡಿ ಅಂದರೆ ಊಟ ಮಾಡದ ಮಕ್ಕಳನ್ನು ಹೊತ್ತುಕೊಂಡು ಹೋಗುವ ಗುಮ್ಮ. ಅವನ ಹೆಸರು ಕೇಳಿದ ಕೂಡಲೇ ದಪ್ಪ ಹುಡುಗ ಓಡಿ ಬಂದ. ಅವನಿಗೆ ಅದೆಲ್ಲಿ ಹೊಳೆಯಿತೋ, ಪುಟದ ಅಂಚಿನಲ್ಲಿದ್ದ ಗೋಮತಿಯ ಪಟ್ಟಿಯನ್ನು ಹಿಡಿದು ಎಳೆದ, ತಳ್ಳಿದ, ಎಳೆದ. ರಾಕ್ಷಸನ ತಾವರೆ ಕಣ್ಣು ಎಡಕ್ಕೆ ನೋಡಿತು, ಬಲಕ್ಕೆ ನೋಡಿತು, ಮತ್ತೆ ಎಡಕ್ಕೆ. ಮುಖದಲ್ಲಿ ನಗು ಹಾಗೇ ಇದೆ, ಕಣ್ಣು ಮಾತ್ರ ಪೂಚಾಂಡಿ ಯಾವ ಕಡೆಯಿಂದ ಬರುತ್ತಾನೋ ಎಂದು ಗಡಗಡ ಹುಡುಕುತ್ತಿದೆ!

ಕಿಸಕ್ ಅಂತ ಒಂದು ನಗು ಬಂತು. ಆಮೇಲೆ ಎರಡು. ಆಮೇಲೆ ಮಕ್ಕಳು ತಟ್ಟೆ ಬಿಟ್ಟು ಎದ್ದು ಬಂದು ಮುತ್ತಿಕೊಂಡವು. "ಹೆದರ್ಕೊಂಡ, ಸಾಮಿ ಹೆದರ್ಕೊಂಡ!" ಒಬ್ಬಳು ಅವನ ಮೂಗು ಒತ್ತಿ, "ಸೀನು, ಜೋರಾಗಿ ಸೀನು, ಗೊಣ್ಣೆ ಬರ್ಲಿ" ಎಂದು ಲಂಗದ ತುದಿಯಿಂದ ಒರೆಸಿದಳು. ಇನ್ನೊಬ್ಬ ಪುಟ ತಿರುಗಿಸಿ ನಾಲಿಗೆ ಹಿಡಿದು ಎಳೆದು, "ಐಸ್ ತಿಂದಿದೀಯ, ಸುಳ್ಳು ಹೇಳ್ಬೇಡ" ಎಂದ. ಮೂರನೆಯವನು ಹೊಕ್ಕುಳಿಗೆ ಕಚಗುಳಿ ಇಟ್ಟು, "ಸ್ನಾನಕ್ಕೆ ಬಾ ಅಂದ್ರೆ ಎಲ್ಲೋ ಓಡ್ತೀಯ?" ಎಂದ. ಮೂಗು, ನಾಲಿಗೆ, ಹೊಕ್ಕುಳು, ಕಯಲ್ವಿಳಿ ಹೇಳಿದ್ದೆಲ್ಲ ತಾನಾಗಿಯೇ ನಡೆಯುತ್ತಿತ್ತು. ಅವಳು ಕಟ್ಟಿದ ಚೀಲ ಬಿಚ್ಚಿ ನೆಲಕ್ಕೇ ಕೂತಳು.

"ಅಣ್ಣಾಚಿ! ಇವನು ಒಳ್ಳೆಯವನಾಗಿರೋದೇ ಸರಿ. ಇವನನ್ನ ಮಕ್ಕಳು ಸಾಕಬೇಕು!" ಅವಳ ಕಣ್ಣು ಹೊಳೆಯುತ್ತಿತ್ತು. "ಆದ್ರೆ ಕೊನೇ ಪುಟಕ್ಕೆ ಪೂಚಾಂಡಿ ಬೇಕು. ಇವನು ಊಟ ಮಾಡಲ್ಲ, ಸ್ನಾನ ಮಾಡಲ್ಲ, ಕೊನೆಗೆ ಪುಟ ತಿರುಗಿಸಿದ್ರೆ ಪೂಚಾಂಡಿ! ಅದೊಂದಾದ್ರೆ ಪುಸ್ತಕ ಆದಂಗೆ. ಈಗಲೇ ಬಿಡಿಸಿ, ಮಕ್ಕಳ ಮುಂದೇನೇ."

ಪುಸ್ತಕದ ಹಿಂದೆ ಖಾಲಿ ರಟ್ಟು ಇತ್ತು. ಕೂತು, ನನ್ನ ಚೀಲದಲ್ಲಿ ಸದಾ ಇರುವ ಬಣ್ಣದ ಪೆಟ್ಟಿಗೆ ತೆರೆದು ಕುಂಚ ಎತ್ತಿದೆ. ಹದಿನೆಂಟು ಮಕ್ಕಳು ನನ್ನ ಹೆಗಲು, ಮಂಡಿ, ಬೆನ್ನು ಎಲ್ಲದರ ಮೇಲೂ ಹತ್ತಿ ನೋಡುತ್ತಿದ್ದವು. ಪೆನ್ಸಿಲಿನಲ್ಲಿ ಗೆರೆ ಎಳೆದು, ಮೈ ಹಾಕಿ, ಕೊನೆಗೆ ಕಣ್ಣು ತೆರೆಸಿದೆ.

"ಸಾಮಿ!" ಎಂದವು ಎಲ್ಲವೂ ಒಟ್ಟಿಗೆ.

ಅದನ್ನು ಬಿಳಿ ಬಣ್ಣದಲ್ಲಿ ಮುಚ್ಚಿ ಇನ್ನೊಂದು ಬಿಡಿಸಿದೆ.

"ಇದೂ ಸಾಮಿ!"

"ಇದು ಸಾಮಿಯ ತಂಗಿ" ಎಂದ ದಪ್ಪ ಹುಡುಗ.

ಕೈ ಮತ್ತೆ ಮತ್ತೆ ದೇವರ ಕಡೆಗೇ ತಿರುಗುತ್ತಿತ್ತು. ದಾರಿ ಗೊತ್ತಿರುವ ಎತ್ತು ಮೂಗುದಾರ ಎಷ್ಟೇ ಜಗ್ಗಿದರೂ ತನ್ನ ಕೊಟ್ಟಿಗೆಗೇ ಹೋಗುತ್ತದಲ್ಲ, ಹಾಗೆ. ಬಾಗಿಲ ತನಕ ಬಂದ ಹೆಸರು ಅಲ್ಲಿಂದಲೇ ವಾಪಸು ಹೋಗುತ್ತಿತ್ತು. ಕಯಲ್ವಿಳಿ ಗಡಿಯಾರ ನೋಡಿದಳು. ಅದೇ ಹೊತ್ತಿಗೆ ಪೇಚಿ ಎಲ್ಲರನ್ನೂ ನೂಕಿ ಬಂದು ನನ್ನ ಮುಖದ ಮುಂದೆ ಮುಖ ಇಟ್ಟಳು.

"ತಾತಾ! ನಿಂಗೆ ಪೂಚಾಂಡಿ ಗೊತ್ತೇ ಇಲ್ವಾ? ಪೂಚಾಂಡಿ ಹಿಂಗೆ ಬರ್ತಾನೆ! ಹಿಂಗೆ! ಆಆಆಆ!"

ನನ್ನ ಕಣ್ಣಿಗೆ ಕಂಡದ್ದು ಏನು ಅಂತೀರಿ? ತೆರೆದ ಬಾಯಿ. ಮುಂದಿನ ಒಂದು ಹಲ್ಲಿಲ್ಲ. ರಾಕ್ಷಸನಿಗೆ ತಿನ್ನಿಸಲು ಹೋಗಿ ಮೊಟ್ಟೆಯ ಹಳದಿ ಎರಡೂ ಕೆನ್ನೆಗೆ ಮೆತ್ತಿತ್ತು. ಮೂಗಿನಿಂದ ಇಳಿದದ್ದು ತುಟಿಯ ತನಕ ಬಂದು ನಿಂತಿತ್ತು. ಒಂದು ಜಡೆ ಬಿಚ್ಚಿ ಕಿವಿಯ ಮೇಲೆ ಕೂತಿತ್ತು, ಇನ್ನೊಂದು ನೆಟ್ಟಗೆ ಆಕಾಶಕ್ಕೆ ನಿಂತಿತ್ತು. ಕಣ್ಣಿಗೆ ಹಾಕಿದ ಕಾಡಿಗೆ ಗಲ್ಲದ ತನಕ ಹರಿದಿತ್ತು. ನನಗೂ ತಲೆ ಕೆಟ್ಟಿತ್ತು. ಮೈ, ಒಡವೆ, ಕಣ್ಣು ಅನ್ನುವ ಲೆಕ್ಕವೆಲ್ಲ ಬಿಟ್ಟು, ಬಾಯಿಂದಲೇ ಶುರು ಮಾಡಿದೆ. ಪೆನ್ಸಿಲ್ ಇಲ್ಲ, ಗೆರೆ ಇಲ್ಲ. ಕಂಡದ್ದನ್ನು ಕಂಡ ಹಾಗೇ ಬಳಿದೆ. ಹಲ್ಲು ಇಲ್ಲದ ಕಡೆ ಹಲ್ಲು ಹಾಕಲು ಕೈ ಹೋಯಿತು, ತೆಪ್ಪಗೆ ಕೂತಿರು ಎಂದು ಕೈಗೆ ಬೈದೆ. ಗೊಣ್ಣೆಯನ್ನು ಕೂಡ ಬಿಡಲಿಲ್ಲ.

ಮುಗಿಸಿ ತಿರುಗಿಸಿ ತೋರಿಸಿದೆ.

ದಪ್ಪ ಹುಡುಗ "ಅಮ್ಮೋ!" ಎಂದು ಕಿರುಚಿ ರಾಜಕನಿಯ ಸೀರೆಯೊಳಗೆ ನುಗ್ಗಿದ. ಅವನ ಹಿಂದೆ ಉಳಿದವು ಕಿರುಚಿದವು. ಕಿರುಚುತ್ತಲೇ ನಕ್ಕವು, ನಗುತ್ತಲೇ ಬಿದ್ದವು. ಒಬ್ಬನಿಗೆ ಬಿಕ್ಕಳಿಕೆ ಹತ್ತಿತು. ಒಬ್ಬಳು ನಿಜವಾಗಿಯೂ ಚಡ್ಡಿಯಲ್ಲೇ ಮಾಡಿಕೊಂಡಳು, ನಗುವಿನಿಂದ. ಗೋಡೆಯ ಪಕ್ಕದ ಅಜ್ಜಿಯರಲ್ಲಿ ಒಬ್ಬರೂ ಕೈ ಮುಗಿಯಲಿಲ್ಲ. ಆ ನೆಮ್ಮದಿಯನ್ನು ಹೇಗೆ ಹೇಳಲಿ! ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ನನ್ನ ಚಿತ್ರಕ್ಕೆ ಯಾರೂ ಕೈ ಮುಗಿಯಲಿಲ್ಲ.

"ಏನಪ್ಪಾ ಸೊರಿಮುತ್ತು!" ಎಂದು ಉಲಗಮ್ಮಾಳ್ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು. "ಚಿನ್ನದಂಥ ನನ್ನ ಮೊಮ್ಮಗಳು ಪೂಚಾಂಡಿನಾ? ನಾಳೆ ಇವಳನ್ನ ಯಾರು ಮದುವೆ ಆಗ್ತಾರೆ? ಪುಸ್ತಕ ಇಲ್ಲಿ ಕೊಡು, ಒಲೆಗೆ ಹಾಕ್ತೀನಿ!"

ಎಲ್ಲರೂ ಪೇಚಿಯನ್ನು ನೋಡಿದರು. ಅವಳು ಚಿತ್ರದ ಮುಂದೆ ಕಲ್ಲಿನ ಹಾಗೆ ನಿಂತಿದ್ದಳು. ಕೆಳತುಟಿ ಸ್ವಲ್ಪ ಆಚೆ ಬಂದಿತ್ತು. ಅತ್ತರೆ ಮುಗಿಯಿತು, ಅಜ್ಜಿಯ ಕೈಯಿಂದ ಈ ಪುಸ್ತಕವನ್ನು ದೇವರೂ ಉಳಿಸಲಾರ.

ಪೇಚಿ ಬಗ್ಗಿ ಪುಸ್ತಕ ಎತ್ತಿಕೊಂಡಳು. ಮೊದಲ ಪುಟ ತೆರೆದು ರಾಕ್ಷಸನ ಕಣ್ಣಿಗೆ ಕಣ್ಣಿಟ್ಟು ನೋಡಿದಳು. "ಊಟ ಮಾಡ್ತೀಯೋ ಇಲ್ವೋ?" ಎಂದಳು. ಪಟ್ಟಿ ಎಳೆದಳು. ಅವನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಅವಳು ಪುಸ್ತಕವನ್ನು ಗಪ್ಪನೆ ಮಗುಚಿ ತನ್ನದೇ ಮುಖವನ್ನು ಎಲ್ಲರ ಮುಂದೆ ಹಿಡಿದು, ಕತ್ತಿನ ನರ ಉಬ್ಬುವ ಹಾಗೆ, "ಆಆಆಆ! ನಾನೇ ಪೂಚಾಂಡಿ!" ಎಂದು ಕೂಗಿದಳು. ಮತ್ತೆ ಮೊದಲ ಪುಟ. "ಊಟ ಮಾಡ್ತೀಯೋ ಇಲ್ವೋ?" ಮತ್ತೆ ಮಗುಚಿ, "ಆಆಆಆ!" ಏಳನೇ ಸಲಕ್ಕೆ ಉಲಗಮ್ಮಾಳೇ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದಳು. ಕಯಲ್ವಿಳಿಯ ಬಸ್ಸು ಹೋಗಿ ಎಷ್ಟೋ ಹೊತ್ತಾಗಿತ್ತು.

ಪುಸ್ತಕ ಅಚ್ಚಾಗಿ ಬರಲು ಐದು ತಿಂಗಳು ಹಿಡಿಯಿತು. ಅಂಚೆಯವನು ತಂದ ಪೊಟ್ಟಣವನ್ನು ಗೋಮತಿಯೇ ಬಿಚ್ಚಿದಳು, ನನ್ನ ಕೈಯಲ್ಲಿ ಆಗುತ್ತಿರಲಿಲ್ಲ. ಮುಖಪುಟದ ಮೇಲೆ ನೇರಳೆ ರಾಕ್ಷಸ. ಅವನ ಕೆಳಗೆ ಗಿರಣಿಯಿಲ್ಲ, ಪಾತ್ರೆ ಅಂಗಡಿಯಿಲ್ಲ. ಹೆಬ್ಬೆರಳಿನಷ್ಟು ದಪ್ಪ ಅಕ್ಷರದಲ್ಲಿ, ಚಿತ್ರ: ಸೊರಿಮುತ್ತು. ಅದರ ಪಕ್ಕದಲ್ಲೇ, ಮಡಿಕೆ ಮತ್ತು ಜೋಡಣೆ: ಗೋಮತಿ. ಗೋಮತಿ ಎರಡೂ ಹೆಸರಿನ ಮೇಲೆ ಬೆರಳಿಟ್ಟು ಎಣಿಸಿದಳು. "ನಿಮ್ಮದು ನನ್ನದಕ್ಕಿಂತ ಒಂದು ಅಕ್ಷರ ಜಾಸ್ತಿ ಇದೆ" ಎಂದು ಅವಳು ಕೊನೆಗೆ ಒಂದು ತಪ್ಪು ಹುಡುಕಿದಳು.

ಒಂದು ಪ್ರತಿ ತೆಗೆದುಕೊಂಡು, ತೊಳೆದ ಅಂಗಿ ಹಾಕಿಕೊಂಡು ಉಲಗಮ್ಮಾಳ್ ಮನೆಗೆ ಹೋದೆ. ಪೇಚಿ ಜಗಲಿಯ ಮೇಲಿದ್ದಳು. ಪುಸ್ತಕ ಕೊಟ್ಟು, ಪಕ್ಕದಲ್ಲಿ ಕೂತು, ಗಂಟಲು ಸರಿ ಮಾಡಿಕೊಂಡು, ಮುಖಪುಟದ ಅಕ್ಷರದ ಮೇಲೆ ಬೆರಳಿಟ್ಟೆ.

"ಇದೇನು ಗೊತ್ತಾ? ಇದು ತಾತನ ಹೆಸರು."

ಪೇಚಿ ಬಗ್ಗಿ ನೋಡಿದಳು. ಅಕ್ಷರವನ್ನು ಒತ್ತಿದಳು. ಅದು ಒಳಗೆ ಹೋಗಲಿಲ್ಲ. ಉಗುರಿನಿಂದ ಅಂಚನ್ನು ಕೆರೆದು ಮೇಲಕ್ಕೆತ್ತಲು ನೋಡಿದಳು. ಎಡಕ್ಕೆ ಎಳೆದಳು, ಬಲಕ್ಕೆ ಎಳೆದಳು. ಪುಸ್ತಕವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು.

"ಇದು ತೆರೆಯಲ್ಲ ತಾತಾ."

"ಅದು ತೆರೆಯೋದಲ್ಲ ಪುಟ್ಟಿ. ಸುಮ್ನೆ ಇರುತ್ತೆ."

"ಏನೂ ಮಾಡಲ್ವಾ?"

"ಏನೂ ಮಾಡಲ್ಲ."

ಅವಳು ನನ್ನ ಮುಖವನ್ನು ಬಹಳ ಕನಿಕರದಿಂದ ನೋಡಿದಳು. "ಹಂಗಾದ್ರೆ ಇದು ಯಾಕಿದೆ?"

ಮೂವತ್ತನಾಲ್ಕು ವರ್ಷ ಅದಕ್ಕೇ ಕಾದವನು ನಾನು. ಅವಳು ಒಂದು ಕ್ಷಣವೂ ಕಾಯಲಿಲ್ಲ. ಕೊನೆಯ ಪುಟ ತಿರುಗಿಸಿ ತನ್ನ ಮುಖ ಕಂಡ ಕೂಡಲೇ ಕೇಕೆ ಹಾಕಿ, ಬೀದಿಯಲ್ಲಿ ಹೋಗುತ್ತಿದ್ದ ಬಾಳೆಹಣ್ಣಿನವನನ್ನು ಹೆದರಿಸಲು ಪುಸ್ತಕ ಎತ್ತಿಕೊಂಡು ಓಡಿದಳು.

"ಲೇ ಪೇಚಿ! ಒಂದ್ಸಲ ನನ್ನ ಹೆಸರು ಓದಿ ಹೇಳ್ತೀನಿ, ಕೇಳ್ಕೊಂಡು ಹೋಗೇ!"

"ನೀನೇ ಓದ್ಕೋ ತಾತಾ!"

ಓದಿಕೊಳ್ಳೋಣವೆಂದರೆ ಪುಸ್ತಕ ಅವಳ ಕೈಯಲ್ಲಿತ್ತು. ನನಗೆ ನಗು ತಡೆಯಲಾಗಲಿಲ್ಲ.